ಕಾಲು ಮುರಿದ ಗೌಂಡಿಯ ಲೈವ್ ಮನೆ

ಫಜೀತಿಗಳು ನನ್ನ ಮನೆಯ ವಿಳಾಸ ಕೇಳಿಕೊಂಡೇ ಬರುತ್ತವೆ. ಒಂದನ್ನು ಬಾಗಿಲವರೆಗೆ ಕಳಿಸಿ ಬರುವಷ್ಟರಲ್ಲಿ ಇನ್ನೊಂದು ಹಿತ್ತಲ ಕಡೆಯಿಂದ ಬಂದು ಒಳಗೆ ಕೂತಿರುತ್ತದೆ. ಹೋದ ಬೇಸಿಗೆಯಲ್ಲಿ ಎಂಟು ವಾರ ನಾನು ಕಾಲು ಮುರಿದುಕೊಂಡು ಖಾಟಿನ ಮೇಲೆ ಬಿದ್ದಿದ್ದೆ. ಬಿದ್ದಲ್ಲೇ ಬಿದ್ದವನಿಗೆ ಎಂಥ ಫಜೀತಿ ಎಂದು ನೀವು ಕೇಳಬಹುದು. ಅದನ್ನೇ ಹೇಳಲು ಹೊರಟಿದ್ದೇನೆ.

ನಾನು ಶಹಾಬಾದಿನ ಫರಸಿ ಗೌಂಡಿ. ಫರಸಿ ಅಂದರೆ ನಮ್ಮೂರ ನೆಲದಡಿಯಿಂದ ಹಾಳೆ ಹಾಳೆಯಾಗಿ ಏಳುವ ಬೂದು ಕಲ್ಲು. ಅದನ್ನು ಮನೆಗಳ ನೆಲಕ್ಕೆ ಹಾಸುವುದು ನನ್ನ ಕಸುಬು. ಯಾರ ಮನೆಗೆ ಹೋದರೂ ನಾನು ಮೊದಲು ನೆಲ ನೋಡುತ್ತೇನೆ, ಆಮೇಲೆ ಮನೆಯವರ ಮುಖ. ನೆಲದಲ್ಲಿ ಟೈಲ್ಸ್ ಕಂಡರೆ ಮುಖ ನೋಡುವ ಮನಸ್ಸೂ ಉಳಿಯುವುದಿಲ್ಲ. ಇದು ಒಳ್ಳೆಯ ಗುಣವಲ್ಲ ಎಂದು ನನಗೆ ಗೊತ್ತು. ಆದರೆ ಟೈಲ್ಸ್ ಕೂಡ ಒಳ್ಳೆಯದಲ್ಲ.

ಜಾರಿದ್ದು

ಸೇಡಂನಲ್ಲಿ ನೆಂಟರೊಬ್ಬರು ಹೊಸ ಮನೆ ಕಟ್ಟಿಸಿದ್ದರು. ನೋಡಲು ಹೋದೆ. ಒಳಗೆ ಪೂರ್ತಿ ಬಿಳಿ ಟೈಲ್ಸ್, ಫಳಫಳ ಹೊಳೆಯುತ್ತಿತ್ತು. "ಇದು ನೆಲ ಅಲ್ರಿ, ಕನ್ನಡಿ. ಇದರ ಮ್ಯಾಲ ಮನುಷ್ಯಾರು ಅಡ್ಡಾಡಲಿಕ್ಕ ಆಗಲ್ಲ" ಅನ್ನುತ್ತಾ ಎರಡು ಹೆಜ್ಜೆ ಇಟ್ಟೆ. ಮೂರನೆಯ ಹೆಜ್ಜೆ ನನ್ನ ಮಾತನ್ನು ನಿಜ ಮಾಡಿ ತೋರಿಸಿತು. ಬಲಗಾಲು ಮೊಣಕಾಲಿನ ಕೆಳಗೆ ಮುರಿಯಿತು. ಎಂಟು ವಾರ ಪ್ಲಾಸ್ಟರ್ ಅಂದರು ಡಾಕ್ಟರು.

ಫರಸಿ ಗೌಂಡಿ ಟೈಲ್ಸ್ ಮೇಲೆ ಜಾರಿ ಬಿದ್ದ ಸುದ್ದಿ ನನಗಿಂತ ಮೊದಲು ಶಹಾಬಾದ್ ತಲುಪಿತು. ಜನ ನಗಲಿ, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನನ್ನ ಚಿಂತೆ ಬೇರೆಯೇ ಇತ್ತು. ಚಿತ್ತಾಪುರದಲ್ಲಿ ಒಬ್ಬ ರಿಟೈರ್ಡ್ ಹೆಡ್ ಮಾಸ್ತರರು ಮನೆ ಕಟ್ಟಿಸುತ್ತಿದ್ದರು. ಗೋಡೆ, ಛತ್ತು ಎಲ್ಲ ಮುಗಿದು ನೆಲ ಒಂದು ಬಾಕಿ. ನೆಲದ ಕೆಲಸ ನನಗೆ ಒಪ್ಪಿಸಿದ್ದರು. ಗೃಹಪ್ರವೇಶದ ಮುಹೂರ್ತ ಇದ್ದದ್ದು ಆರು ವಾರಕ್ಕೆ, ನನ್ನ ಪ್ಲಾಸ್ಟರ್ ಬಿಚ್ಚುವುದು ಎಂಟು ವಾರಕ್ಕೆ. ನಡುವಿನ ಈ ಎರಡು ವಾರದ ಸಂದಿಯಲ್ಲಿ ಸೇಡಂನ ಟೈಲ್ಸ್ ಹಾಕುವವನೊಬ್ಬ ತಲೆ ತೂರಿಸಿದ್ದ. ಸ್ಯಾಂಪಲ್ ಡಬ್ಬಿ ಹಿಡಿದುಕೊಂಡು ದಿನಾ ಮಾಸ್ತರರ ಮನೆಗೆ ಹೋಗಿ, "ಐದ ದಿನದಾಗ ಮುಗಿಸಿ ಕೊಡ್ತೀನ್ರಿ ಸರ್" ಅನ್ನುತ್ತಿದ್ದನಂತೆ. ಆ ಕೆಲಸ ಅವನ ಪಾಲಾದರೆ ಇಡೀ ಓಣಿ ಅವನ ಪಾಲಾಗುತ್ತದೆ, ಚಿತ್ತಾಪುರದಲ್ಲಿ ನನ್ನ ಹೆಸರು ಅಳಿಸಿಹೋಗುತ್ತದೆ. ನಿದ್ದೆ ಹತ್ತಲಿಲ್ಲ.

ಆಗ ವಾಡಿಯಿಂದ ನನ್ನ ಷಡ್ಡಕ ಬಂದ. ನನ್ನ ಹೆಂಡತಿಯ ತಂಗಿಯ ಗಂಡ, ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಕೆಲಸ. ತನ್ನ ಹಳೆಯ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಬಂದಿದ್ದ. "ಅಣ್ಣಾರ, ಕಾಲಿಲ್ದೇ ಫರಸಿ ಹಾಸೋ ಜಾಗಾ ತೋರಸ್ತೀನಿ ಬರ್ರಿ" ಅಂದು ಪರದೆಯ ಮೇಲೆ ಒಂದು ಲೋಕ ತೆರೆದ. ಎಲ್ಲೆಲ್ಲಿಯೋ ಇರುವ ಜನ ತಮ್ಮ ತಮ್ಮ ಮನೆಯಲ್ಲಿ ಕೂತು, ಆ ಲೋಕದೊಳಗೆ ಗೊಂಬೆಗಳಾಗಿ ಓಡಾಡುತ್ತಾ ಊರು ಕಟ್ಟುತ್ತಾರೆ. ಅಲ್ಲಿ ಎಲ್ಲವೂ ಚೌಕ. ಮಣ್ಣು ಚೌಕ, ಮರ ಚೌಕ, ಮೂಡುವ ಸೂರ್ಯನೂ ಚೌಕ. ನಾನು ಅದಕ್ಕೆ ಚೌಕದೂರು ಅಂತ ಹೆಸರಿಟ್ಟೆ. ಇಡೀ ಜನ್ಮ ಕಲ್ಲನ್ನು ಚೌಕ ಮಾಡುವುದರಲ್ಲೇ ಕಳೆದವನಿಗೆ ಇದಕ್ಕಿಂತ ಸುಖ ಯಾವುದಿದೆ.

ನಾಲ್ಕು ದಿನದಲ್ಲಿ ಹೆಡ್ ಮಾಸ್ತರರ ಮನೆಯನ್ನು ನಕ್ಷೆ ಪ್ರಕಾರ ಅಲ್ಲಿ ಎಬ್ಬಿಸಿದೆ. ಷಡ್ಡಕ ಅದನ್ನು ಲೈವ್ ಬಿಡುವುದು ಕಲಿಸಿಕೊಟ್ಟ. "ನಿಮ್ಮ ಪರದಿ ಮ್ಯಾಲ ಏನ್ ಕಾಣ್ತದ, ಅದೆಲ್ಲಾ ಮಂದಿ ಮೊಬೈಲನ್ಯಾಗ ಕಾಣ್ತದ. ಮಾಸ್ತರರು ದಿನಾ ನೋಡ್ಲಿ. ಕೆಲಸಾ ನಡದಾದ ಅಂತ ಅವ್ರಿಗಿ ಸಮಾಧಾನ, ಟೈಲ್ಸದವಗ ಬಾಗಲಾ ಬಂದ್." ಮಾಸ್ತರರಿಗೆ ಫೋನ್ ಹಚ್ಚಿ ಹೇಳಿದೆ. ಅವರು ನೋಡಿದರು, ಇಷ್ಟಪಟ್ಟರು, ಸದ್ಯಕ್ಕೆ ಕಾಯುತ್ತೇನೆ ಅಂದರು.

ನನ್ನ ಹೆಂಡತಿ ಸೆರಗಿಗೆ ಕೈ ಒರೆಸುತ್ತಾ ಬಂದು ಬಹಳ ಹೊತ್ತು ಪರದೆ ನೋಡಿದಳು. ಹೊಗಳುತ್ತಾಳೆ ಅಂದುಕೊಂಡೆ. "ನಮ್ಮ ಬಚ್ಚಲದ ಫರಸಿ ಒಡದು ಆರು ವರ್ಷ ಆಯ್ತು" ಅಂದಳು. "ಅಲ್ಲಿಗಿ ಯಾವಾಗ ಲೈವ್ ಬರ್ತೀರಿ?"

ನೀರು ಹೊಕ್ಕ ಮನೆ

ಮೊದಲ ವಾರ ನನ್ನ ಲೈವ್ ನೋಡುತ್ತಿದ್ದವರು ಹನ್ನೊಂದು ಜನ. ಮಾಸ್ತರರ ಮನೆಯವರನ್ನು ಬಿಟ್ಟರೆ ಎಲ್ಲರೂ ಶಹಾಬಾದಿನ ಗೌಂಡಿಗಳು. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಮೊಬೈಲ್ ಮುಂದಿಟ್ಟುಕೊಂಡು ನೋಡುತ್ತಿದ್ದರು. ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತಾ ಇನ್ನೊಂದು ಕೈಯಲ್ಲಿ ತಪ್ಪು ಹುಡುಕಿ ಬರೆಯುತ್ತಿದ್ದರು.

ಅವರ ತಕರಾರು ಒಂದೇ. ಬಚ್ಚಲಿಗೆ ಢಾಳ ಇಲ್ಲ. ನೀರು ಹರಿದುಹೋಗಲೆಂದು ನೆಲಕ್ಕೆ ಕೊಡುವ ಇಳಿಜಾರಿಗೆ ನಮ್ಮಲ್ಲಿ ಢಾಳ ಅನ್ನುತ್ತಾರೆ. ಚೌಕದೂರಿನಲ್ಲಿ ಇಳಿಜಾರು ಎಂಬುದೇ ಇಲ್ಲ, ಎಲ್ಲ ಮಟ್ಟಸ. ಅದನ್ನು ಎಷ್ಟು ಹೇಳಿದರೂ ಕೇಳಲಿಲ್ಲ. "ಇಪ್ಪತ್ತಾರು ವರ್ಷ ಕೆಲಸಾ ಮಾಡಿ ಬಚ್ಚಲಕ್ಕ ಢಾಳ ಕೊಡಲಾರದವ" ಅಂತ ಒಬ್ಬ ಬರೆದ. ಇನ್ನೊಬ್ಬ ಅದಕ್ಕೆ ಮೂರು ನಗುವ ಮುಖ ಹಚ್ಚಿದ.

ನನಗೆ ಪಿತ್ತ ನೆತ್ತಿಗೇರಿತು. "ನೋಡ್ರಿ, ನೀರ್ ಹಾಕೇ ತೋರಸ್ತೀನಿ" ಅಂದು ಎಲ್ಲರ ಎದುರೇ ಒಂದು ಬಕೆಟ್ ನೀರನ್ನು ಬಚ್ಚಲಲ್ಲಿ ಸುರಿದೆ. ಆ ಲೋಕದಲ್ಲಿ ಒಂದು ಬಕೆಟ್ ನೀರು ಸುರಿದರೆ ಅದು ಮುಗಿಯುವುದೇ ಇಲ್ಲ, ಊಟೆಯಂತೆ ಬರುತ್ತಲೇ ಇರುತ್ತದೆ ಅನ್ನುವುದು ನನಗೆ ಯಾರೂ ಹೇಳಿರಲಿಲ್ಲ. ನೀರು ಬಚ್ಚಲು ದಾಟಿತು, ಅಡುಗೆಮನೆ ಹೊಕ್ಕಿತು, ಪಡಸಾಲೆಗೆ ಬಂತು. ನನ್ನ ಗೊಂಬೆ ಸೊಂಟದ ಮಟ್ಟ ನೀರಿನಲ್ಲಿ ನಿಂತು ಬಕೆಟ್ ಆಡಿಸುತ್ತಿತ್ತು. ಗೌಂಡಿಗಳು ಊಟ ಬಿಟ್ಟು ಬರೆದರು: "ಢಾಳ. ಢಾಳ. ಢಾಳ."

ಅರ್ಧ ಗಂಟೆಯ ಮೇಲೆ ಹೆಡ್ ಮಾಸ್ತರರ ಫೋನು. ಏದುಸಿರು ಬಿಡುತ್ತಿದ್ದರು. ಅವರಿಗೆ ಎಂಬತ್ತು ದಾಟಿದ ತಾಯಿ ಇದ್ದರು, ಎಲ್ಲರೂ ಅವರನ್ನು ಆಯಿ ಅನ್ನುತ್ತಿದ್ದೆವು. ಲೈವ್ ನೋಡುತ್ತಾ ಕೂತಿದ್ದ ಆಯಿ, "ಮನ್ಯಾಗ ನೀರ ಹೊಕ್ಕಾವ, ಸಿಮೆಂಟ್ ಚೀಲ ಒಳಗ ಅವ, ಓಡು" ಅಂತ ಮಗನನ್ನು ಎಬ್ಬಿಸಿ ಕಳಿಸಿದ್ದರು. ಮಾಸ್ತರರು ಉರಿಬಿಸಿಲಲ್ಲಿ ಸೈಕಲ್ ತುಳಿದು ಕಟ್ಟುತ್ತಿದ್ದ ಮನೆಗೆ ಹೋಗಿ ಬೀಗ ತೆಗೆದು ನೋಡಿದ್ದರು.

"ಒಣಾ ಅದರೀ ಎಲ್ಲಾ" ಅಂದರು, ನನ್ನನ್ನೇ ಸಮಾಧಾನ ಮಾಡುವ ದನಿಯಲ್ಲಿ. "ನಿಮ್ಮ ಕೆಲಸಾ ಭಾಳ ಛಲೋ ಅದ ಗೌಂಡಿ. ಅಷ್ಟ್ ನೀರ ಹೊಕ್ಕರೂ ಒಂದ್ ಹನಿ ನಿಂತಿಲ್ಲ."

ಪಕ್ಷಾಂತರ

ಪರದೆಯ ಮೇಲೆ ಕಾಣುವುದೆಲ್ಲ ಮಂದಿಗೆ ಕಾಣುತ್ತದೆ ಅಂತ ಷಡ್ಡಕ ಹೇಳಿದ್ದನಲ್ಲ, ಆ 'ಎಲ್ಲ' ಅನ್ನುವುದನ್ನು ನಾನು ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ. ಚೌಕದೂರಿನ ಕಿಟಕಿಯನ್ನು ಮುಚ್ಚಿದರೆ ಲೈವ್ ಕೂಡ ಮುಚ್ಚುತ್ತದೆ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ನನಗೊಂದು ಕುತಂತ್ರ ಹೊಳೆಯಿತು. ಟೈಲ್ಸ್ ಮೇಲೆ ಜಾರಿ ಬಿದ್ದವರ ವಿಡಿಯೊ ಹುಡುಕಿ ಮಾಸ್ತರರಿಗೆ ಕಳಿಸಿದರೆ ಸೇಡಂನವನ ಕಥೆ ಮುಗಿಯಿತು. ಚೌಕದೂರನ್ನು ಬದಿಗೆ ಸರಿಸಿ 'ಟೈಲ್ಸ್' ಅಂತ ಬರೆದು ಹುಡುಕಿದೆ. ಬಿದ್ದವರು ಸಿಗಲಿಲ್ಲ, ಅಂಗಡಿಗಳು ಸಿಕ್ಕವು. ಒಬ್ಬ ಹೆಣ್ಣುಮಗಳು ನಗುನಗುತ್ತಾ ಒಂದೊಂದೇ ಟೈಲ್ಸ್ ಎತ್ತಿ ತೋರಿಸುತ್ತಿದ್ದಳು. ಶತ್ರುವಿನ ಬಲ ತಿಳಿದಿರಲಿ ಎಂದು ನೋಡತೊಡಗಿದೆ. ಸುಳ್ಳು ಯಾಕೆ ಹೇಳಲಿ, ಸುಮಾರು ಅರ್ಧ ಗಂಟೆ ನೋಡಿದೆ. ಒಂದು ಹಸಿರು ಟೈಲ್ಸ್ ನನ್ನ ಮನಸ್ಸಿಗೇ ಹಿಡಿಸಿತು. "ಛಲೋ ಅವಲ್ಲ ಇವು" ಅಂತ ಬಾಯಿಬಿಟ್ಟು ಅಂದೂಬಿಟ್ಟೆ. ಮೈಕು ಚಾಲೂ ಇತ್ತು.

ಸಂಜೆ ಐದು ಜನ ಗೌಂಡಿಗಳು ಮನೆಗೆ ಬಂದರು. ನೆಂಟರ ಮನೆಯಲ್ಲಿ ಏನೋ ಕೆಟ್ಟದ್ದು ನಡೆದಾಗ ಬರುವ ಹಾಗೆ, ಚಪ್ಪಲಿ ಸದ್ದಿಲ್ಲದೆ ಬಿಟ್ಟು, ಸಾಲಾಗಿ ಕೂತರು. ಚಹಾ ಬೇಡ ಅಂದರು. ಅವರಲ್ಲಿ ಹಿರಿಯ, ನನಗೆ ಗಾರೆ ಮೆತ್ತುವ ಕರಣಿ ಹಿಡಿಯುವುದು ಕಲಿಸಿದವನು, ನನ್ನ ಕಣ್ಣನ್ನು ನೋಡದೆ ಮಾತು ತೆಗೆದ.

"ಹಸರು ಟೈಲ್ಸ್ ಏನು?"

"ಕಾಕಾ, ಹಂಗಲ್ಲ. ಅವರ ತಪ್ಪು ತೋರಸಲಿಕ್ಕ ನೋಡ್ಲಿಕತ್ತಿದ್ದೆ."

"ಅರ್ಧಾ ತಾಸು ನೋಡಿದಿ. ಹನ್ನೊಂದು ಮಂದಿ ಸಾಕ್ಷಿ ಅದಾರ." ರುಮಾಲು ಸರಿಮಾಡಿಕೊಂಡು ತೀರ್ಪು ಕೊಟ್ಟ. "ಕಾಲ ಮುರದಾದ, ಅದರ ಕೂಡ ದಿಮಾಗೂ ಜರಾ ಅಲ್ಲಾಡ್ಯಾದ ಅಂತ ತಿಳಕೊಂಡು ಒಂದ್ ಸಲ ಮಾಫಿ. ಇನ್ನೊಮ್ಮಿ ಇಂಥಾದ್ದು ಆಗಬಾರದು. ಫರಸಿ ಮುಟ್ಟಿ ಆಣಿ ಮಾಡು."

ಖಾಟಿನ ಮೇಲಿಂದ ನೆಲದ ಫರಸಿಗೆ ನನ್ನ ಕೈ ಎಟುಕುವಂತಿರಲಿಲ್ಲ. ಎಲ್ಲರೂ ಅತ್ತ ಇತ್ತ ನೋಡುತ್ತಿದ್ದಾಗ ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗಿ ಹೇಳಿದಳು, "ಬಚ್ಚಲದಾಗ ಒಡದದ್ದು ಅದರಿ. ಕಿತ್ತಿ ತರಲೇನು?"

ಉಸುಕು

ಮಾಸ್ತರರ ಮನೆಗೆ ಕಿಟಕಿ ಗಾಜು ಬೇಕಿತ್ತು. ಚೌಕದೂರಿನಲ್ಲಿ ಉಸುಕು ಸುಟ್ಟರೆ ಗಾಜು. ಹಾಗಾಗಿ ಒಂದು ನದಿ ದಂಡೆಗೆ ಹೋಗಿ ಲೈವ್‌ನಲ್ಲೇ ಉಸುಕು ತೋಡುತ್ತಿದ್ದೆ. ದಂಡೋತಿಯ ಯಾರೋ ಒಬ್ಬ ನೋಡಿದ್ದಾನೆ. ಅವನ ಊರು ಇರುವುದೇ ಕಾಗಿಣಾ ನದಿಯ ದಂಡೆಯಲ್ಲಿ, ಉಸುಕು ಅಂದರೆ ಅವನಿಗೆ ಕಾಗಿಣಾದ್ದೇ. ಚಿತ್ತಾಪುರದ ಕೆಲಸಕ್ಕೆ ಶಹಾಬಾದಿನ ಗೌಂಡಿ ನಮ್ಮ ನದಿಯನ್ನು ಹಗಲೇ ತೋಡುತ್ತಿದ್ದಾನೆ, ಅದನ್ನು ಊರಿಗೆಲ್ಲ ತೋರಿಸಿಯೂ ತೋಡುತ್ತಿದ್ದಾನೆ ಅಂತ ಊರ ಕಂದಾಯದ ಲೆಕ್ಕ ನೋಡುವ ತಲಾಠಿಗೆ ಹೇಳಿದ. ತಲಾಠಿ ಫೋನ್ ಮಾಡಿದರು.

"ಈಗ ಎಲ್ಲಿ ಇದ್ದೀರಿ?"

"ಮನ್ಯಾಗ ರೀ ಸಾಹೇಬ್ರ. ಖಾಟಿನ ಮ್ಯಾಲ."

"ನಾ ಮೊಬೈಲನ್ಯಾಗ ನೋಡ್ಲಿಕತ್ತೀನಿ, ನೀವು ಉಸುಕು ತಗೀಲಿಕತ್ತೀರಿ. ಖಾಟಿನ ಮ್ಯಾಲ ಕುಂತು ತಗೀಲಿಕತ್ತಾರ ಅಂತ ಬರಕೊಳ್ಳಲೇನು?"

ಅದು ಆಟದ ನದಿ, ಆಟದ ಉಸುಕು ಅಂತ ಹದಿನೈದು ನಿಮಿಷ ವಿವರಿಸಿದೆ. ಅವರು ಪ್ರಾಮಾಣಿಕ ಮನುಷ್ಯ, ಬಾಯಿಮಾತಿಗೆ ಒಪ್ಪುವವರಲ್ಲ. "ಅದು ಕಾಗಿಣಾ ಅಲ್ಲ ಅನ್ನಲಿಕ್ಕ ಪುರಾವೆ ಏನದ?" ಅಂದರು. ಏಪ್ರಿಲ್ ತಿಂಗಳು ಅದು. ನನಗೆ ತಟ್ಟನೆ ಹೊಳೆಯಿತು.

"ಸಾಹೇಬ್ರ, ಜರಾ ಸರಿಯಾಗಿ ನೋಡ್ರಿ. ನದಿ ತುಂಬಾ ನೀರ ಅವ."

"ಅದೂ ಖರೇ" ಅಂದು ಫೋನ್ ಇಟ್ಟರು.

ಪಡಸಾಲೆಯ ರೈಲು

ಷಡ್ಡಕನೂ ವಾಡಿಯಲ್ಲಿ ಕೂತು ಅದೇ ಚೌಕದೂರಿಗೆ ಬರುತ್ತಿದ್ದ. ರೈಲ್ವೆಯವನಿಗೆ ಬಿಡುವು ಸಿಕ್ಕರೂ ರೈಲೇ ಬೇಕು. ಅವನು ಅಲ್ಲಿ ಹಳಿ ಹಾಕತೊಡಗಿದ್ದ. ನಾನು ಗಮನ ಕೊಟ್ಟಿರಲಿಲ್ಲ. ಒಂದು ದಿನ ಮಾಸ್ತರರ ಮನೆಯವರೆಲ್ಲ ನೋಡುತ್ತಿರುವಾಗ, ಅವರ ಪಡಸಾಲೆಯ ಬಡಗಣ ಗೋಡೆಯಿಂದ ಒಂದು ಗಾಡಿ ಬಂದು ನನ್ನ ಹೊಸ ಫರಸಿಯ ಮೇಲೆ ಹಾಯ್ದು ತೆಂಕಣ ಗೋಡೆಯಲ್ಲಿ ಮಾಯವಾಯಿತು. ಅದರಲ್ಲಿ ಷಡ್ಡಕನ ಗೊಂಬೆ ಕೂತಿತ್ತು.

ಫೋನ್ ಹಚ್ಚಿ ಬೈದೆ. ಅವನು ಸ್ವಲ್ಪವೂ ಅಲುಗಾಡಲಿಲ್ಲ. "ಲೈನ್ ಸೀದಾ ಬರಬೇಕಲ್ರಿ ಅಣ್ಣಾರ. ನಿಮ್ಮ ಪಡಸಾಲಿನೇ ಅಡ್ಡ ಬಂದಾದ" ಅಂದ.

ಅಷ್ಟರಲ್ಲಿ ಮಾಸ್ತರರ ಹೆಂಡತಿಯ ಫೋನು. ಕೆಲಸ ಹೋಯಿತು ಅಂದುಕೊಂಡೇ ಎತ್ತಿದೆ. ಆ ಅಮ್ಮ ಪ್ರತಿ ಅಮಾವಾಸ್ಯೆಗೆ ನಾಲವಾರದ ಮಠಕ್ಕೆ ರೈಲಿನಲ್ಲಿ ಹೋಗುವವರು. ಅವರ ಪ್ರಶ್ನೆ ಒಂದೇ ಇತ್ತು: "ಅದು ನಾಲವಾರಕ್ಕ ನಿಲ್ತದೇನ್ರಿ?" ಷಡ್ಡಕನಿಗೆ ಹೇಳಿದೆ. ಅವನು ಗಂಭೀರವಾಗಿ ಯೋಚಿಸಿ, ನಾಲವಾರದ್ದು ಆಮೇಲೆ ನೋಡೋಣ, ಸದ್ಯಕ್ಕೆ ಅಮ್ಮನವರಿಗೆ ಪಡಸಾಲೆಯಲ್ಲೇ ಎರಡು ನಿಮಿಷ ಸ್ಟಾಪ್ ಕೊಡುತ್ತೇನೆ ಅಂದ.

ಮುಹೂರ್ತ

ಮುಹೂರ್ತಕ್ಕೆ ಹತ್ತು ದಿನ ಉಳಿದಾಗ ಹೆಡ್ ಮಾಸ್ತರರೇ ಫೋನ್ ಮಾಡಿದರು. ದನಿ ತೀರ ಮೆತ್ತಗಿತ್ತು. ಅಲ್ಲಿಗೇ ನನಗೆ ಗೊತ್ತಾಯಿತು.

"ಗೌಂಡಿ, ತಪ್ಪು ತಿಳಕೋಬ್ಯಾಡ್ರಿ. ಈ ಮುಹೂರ್ತ ಬಿಟ್ಟರ ನಾಕ್ ತಿಂಗಳು ಛಲೋ ದಿವಸ ಇಲ್ಲಂತ ಅಯ್ನೋರು ಹೇಳ್ಯಾರ. ನಿಮಗ ಅಷ್ಟ್ರಾಗ ಏಳಲಿಕ್ಕ ಆಗಲ್ಲ. ಟೈಲ್ಸದವ ನಾಳಿನೇ ಮಾಲ್ ಇಳಸ್ತೀನಿ ಅಂತಾನ."

ನನಗೆ ಅಳು ಬರುವುದೊಂದು ಬಾಕಿ. ಆಗ ಹಿಂದಿನಿಂದ ಆಯಿಯ ದನಿ ಕೇಳಿಸಿತು. "ಆ ಟಿವಿ ಮನಿ ಮುಗದದಲ್ಲೋ. ಮುಹೂರ್ತಕ್ಕ ಅದರಾಗ ಹೊಕ್ಕರ ಆಗಲ್ಲೇನು?"

ಮಾಸ್ತರರು ನಗಲಿಲ್ಲ. ಅವರ ಮನೆಯಲ್ಲಿ ಆಯಿಯ ಮಾತಿಗೆ ನಗುವ ಪದ್ಧತಿ ಇರಲಿಲ್ಲ. ಪೂಜೆ ಮಾಡಿಸುವ ಅಯ್ಯನವರನ್ನು ಕರೆಸಿದರು. ಅಯ್ಯನವರು ಕನ್ನಡಕ ಹಾಕಿಕೊಂಡು ನನ್ನ ಲೈವ್ ನೋಡಿದರು, ಕೋಣೆ ಕೋಣೆ ತಿರುಗಿಸಿ ತೋರಿಸಲು ಹೇಳಿದರು. ಬಾಗಿಲು ಪೂರ್ವಕ್ಕಿದೆಯೇ ಎಂದು ಕೇಳಿದರು. ಚೌಕದೂರಿನಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಬೆಳಗಾಗುತ್ತದೆ, ಆದ್ದರಿಂದ ಅಲ್ಲೇ ನಿಂತು ಸೂರ್ಯ ಬಾಗಿಲಿಗೆ ಎದುರಾಗಿ ಏಳುವುದನ್ನು ತೋರಿಸಿದೆ. ಅವರು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡರು.

"ನಕ್ಷೆ ಅದೇ, ದಿಕ್ಕು ಅದೇ, ಬಾಗಲಾ ಅದೇ" ಅಂದರು. "ಪೂಜಾ ಇಲ್ಲಿ ಮಾಡ್ತೀನಿ. ಪ್ರವೇಶ ಅಲ್ಲಿ ಆಗ್ಲಿ. ನಡೀತದ."

ಮಾಸ್ತರರು ನನಗೆ ಒಂದೇ ಷರತ್ತು ಹಾಕಿದರು. ಪ್ರವೇಶ ಬರೋಬರಿ ಮುಹೂರ್ತಕ್ಕೆ, ಯಾವ ವಿಘ್ನವೂ ಇಲ್ಲದೆ ನಡೆಯಬೇಕು. ನಡೆದರೆ ನನ್ನ ಕಾಲು ಗುಣವಾಗುವವರೆಗೆ ಕಾಯುತ್ತಾರೆ. ತಪ್ಪಿದರೆ ಮರುದಿನವೇ ಟೈಲ್ಸ್ ಲಾರಿ ಇಳಿಯುತ್ತದೆ.

ಮುಹೂರ್ತ ಬೆಳಿಗ್ಗೆ ಹತ್ತು ನಲವತ್ತೆರಡಕ್ಕೆ. ಚಿತ್ತಾಪುರದಲ್ಲಿ ಮಾಸ್ತರರ ಬಾಡಿಗೆ ಮನೆಯಲ್ಲಿ ಟಿವಿಗೆ ಹೂವಿನ ಹಾರ ಹಾಕಿ, ಮುಂದೆ ರಂಗೋಲಿ ಬರೆದು, ನೆಂಟರೆಲ್ಲ ಕೂತಿದ್ದರು. ಶಹಾಬಾದಿನಲ್ಲಿ ನಾನು ತಲೆಸ್ನಾನ ಮಾಡಿ, ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟು ಕಂಪ್ಯೂಟರ್ ಮುಂದೆ ಕೂತಿದ್ದೆ. ಅಯ್ಯನವರ ಜೊತೆ ಫೋನ್ ಚಾಲೂ ಇತ್ತು, ನನ್ನ ಹೆಂಡತಿ ಅದನ್ನು ನನ್ನ ಕಿವಿಗೆ ಹಿಡಿದಿದ್ದಳು.

ಗೃಹಪ್ರವೇಶಕ್ಕೆ ಆಕಳು ಬೇಕಲ್ಲ. ಚೌಕದೂರಿನಲ್ಲಿ ಆಕಳುಗಳಿಗೆ ಕೊರತೆಯಿಲ್ಲ. ಗೋಧಿ ತೆನೆ ಹಿಡಿದು ನಡೆದರೆ ಹಿಂದೆ ಬರುತ್ತವೆ. ಆಯಿಗೆ ಅದು ಸರಿ ಬರಲಿಲ್ಲ. "ಜ್ವಾಳದ ಕಣಕಿ ಇಲ್ಲೇನು? ಬರೇ ಗೋಧಿ ತಿಂದ್ರ ಅದಕ್ಕ ಹೊಟ್ಟಿ ಉಬ್ಬರಸ್ತದ" ಅಂದರು. ಹೇಗೋ ಒಂದು ಚೌಕ ಆಕಳನ್ನು ಬಾಗಿಲಿನವರೆಗೆ ತಂದು ನಿಲ್ಲಿಸಿದೆ.

ಅಯ್ಯನವರ ಮಂತ್ರ ಮುಗಿಯಿತು. "ಹೂಂ, ಈಗ. ಬಲಗಾಲ ಮುಂದಿಟ್ಟು ಒಳಗ ಬರ್ರಿ" ಅಂದರು. ನನ್ನ ಬಲಗಾಲು ಸ್ಟೂಲಿನ ಮೇಲಿತ್ತು, ಆದ್ದರಿಂದ ಬಲಗೈ ಬೆರಳಿನಿಂದ ಗುಂಡಿ ಒತ್ತಿದೆ. ನನ್ನ ಗೊಂಬೆ ಹೊಸ್ತಿಲು ದಾಟಿತು. ಆಕಳೂ ದಾಟಿತು. ನಿಟ್ಟುಸಿರು ಬಿಟ್ಟೆ.

"ಏನ್ರಿ, ಯಾಕ್ ನಿಂತೀರಿ? ಬರ್ರಿ ಒಳಗ" ಅಂದರು ಅಯ್ಯನವರು.

"ಬಂದೀನ್ರಿ."

"ಎಲ್ಲಿ ಬಂದೀರಿ? ಬಾಗಲ ಹೊರಗ ನಿಂತೀರಿ. ನಾವೆಲ್ಲಾ ನೋಡ್ಲಿಕತ್ತೀವಿ. ಮುಹೂರ್ತ ಮೀರ್ಲಿಕತ್ತದ."

ಲೈವ್ ಅನ್ನುವುದು ಹೆಸರಿಗೆ ಮಾತ್ರ ಲೈವ್, ಶಹಾಬಾದಿನಲ್ಲಿ ಆದದ್ದು ಚಿತ್ತಾಪುರದ ಟಿವಿಗೆ ಅರ್ಧ ನಿಮಿಷ ತಡವಾಗಿ ತಲುಪುತ್ತದೆ ಅನ್ನುವುದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಇಷ್ಟು ದಿನ ಜನ ತಡವಾಗಿ ಉತ್ತರ ಬರೆದಾಗ ಅವರ ಕೈ ನಿಧಾನ ಅಂದುಕೊಂಡಿದ್ದೆ. ಫೋನು ಮಾತ್ರ ಆಗಿಂದಾಗಲೇ ಮುಟ್ಟುತ್ತಿತ್ತು. ನನ್ನ ಕಣ್ಣಿಗೆ ನಾನು ಒಳಗಿದ್ದೇನೆ, ಅಯ್ಯನವರ ಕಣ್ಣಿಗೆ ಹೊರಗಿದ್ದೇನೆ. ಅಯ್ಯನವರು ಸುಳ್ಳು ಹೇಳುವವರಲ್ಲ. ನನ್ನದೇ ಏನೋ ತಪ್ಪಿರಬೇಕೆಂದು ಗಾಬರಿಯಲ್ಲಿ ಹೊರಗೆ ಬಂದೆ. ಗೋಧಿ ಕಂಡ ಆಕಳೂ ಹೊರಗೆ ಬಂತು. ಮತ್ತೆ ಒಳಗೆ ಹೋದೆ. ಆಕಳೂ ಬಂತು.

"ಹಾಂ, ಈಗ ಬಂದ್ರಿ" ಅಂತ ಅಯ್ಯನವರು ಗಂಟೆ ಬಾರಿಸಿದರು. ಮರುಕ್ಷಣವೇ ಗಂಟೆ ನಿಂತಿತು. "ಯಾಕ್ ಹೊರಗ ಹೊಂಟ್ರಿ?"

"ಇಲ್ರಿ, ಒಳಗೇ ಇದ್ದೀನಿ."

"ಹೊರಗ ಇದ್ದೀರಿ."

ಮತ್ತೆ ಹೊರಗೆ ಹೋಗಿ ಮತ್ತೆ ಒಳಗೆ ಬಂದೆ. ನನ್ನ ಹೆಂಡತಿ ನಗು ತಡೆಯಲಾರದೆ ಫೋನನ್ನು ನನ್ನ ಕೆನ್ನೆಗೆ ಒತ್ತಿಬಿಟ್ಟಿದ್ದಳು. ಕೊನೆಗೆ ಗಡಿಬಿಡಿಯಲ್ಲಿ ತಪ್ಪು ಗುಂಡಿ ಒತ್ತಿ, ಗೋಧಿ ತೆನೆಯಿಂದ ಆಕಳಿಗೆ ಒಂದು ಏಟು ಹೊಡೆದೆ. ಆ ಲೋಕದಲ್ಲಿ ಏಟು ಬಿದ್ದ ಪ್ರಾಣಿ ಕೆಂಪಾಗುತ್ತದೆ; ಅದೂ ಕೆಂಪಾಗಿ, ಪಡಸಾಲೆ ತುಂಬ ಓಡಾಡಿ, ದೇವರ ಕೋಣೆ ಹೊಕ್ಕು ಅಲ್ಲೇ ಮೂಲೆಯಲ್ಲಿ ನಿಂತುಬಿಟ್ಟಿತು. ಚಿತ್ತಾಪುರದಲ್ಲಿ ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ನಾನು ಕಣ್ಣು ಮುಚ್ಚಿಕೊಂಡೆ. ಟೈಲ್ಸ್ ಲಾರಿ ಸೇಡಂನಿಂದ ಹೊರಡುವುದು ನನಗೆ ಕಾಣುತ್ತಿತ್ತು.

ಗದ್ದಲದ ನಡುವೆ ಆಯಿಯ ದನಿ ಎದ್ದಿತು.

"ಎಷ್ಟ್ ಸಲ ಹೊಕ್ಕಾನ ಅನ್ನೋದು ಬಿಡ್ರಿ. ಮುಹೂರ್ತದಾಗ ಮೊದಲ ಒಳಗ ಹೋದವ ಯಾರು?"

"ಗೌಂಡಿ" ಅಂದರು ಮಾಸ್ತರರು.

"ಮನಿ ಯಾರದು?"

"ನಮ್ದವ್ವ."

"ಮತ್ತ ನೀನು, ನಿನ್ನ ಹೇಣ್ತಿ ಎಲ್ಲಿ ಇದ್ದೀರಿ?"

ಮಾಸ್ತರರು ಹೇಳಿದರು, "ಸೋಫಾದ ಮ್ಯಾಲ."

ಮುಹೂರ್ತ ಇಟ್ಟವರು, ಮಂತ್ರ ಹೇಳಿದವರು, ಹಾರ ಹಾಕಿದವರು, ಯಾರಿಗೂ ಈ ಒಂದು ಮಾತು ಹೊಳೆದಿರಲಿಲ್ಲ. ಗೃಹಪ್ರವೇಶ ಮಾಡಬೇಕಾದವರು ಮನೆಯ ಯಜಮಾನರು. ಮಾಡಿದವನು ನಾನು, ಮೂರು ಸಲ, ಆಕಳ ಸಮೇತ.

ಮಾಸ್ತರರು ಕೇಳಿದರು, "ಅಯ್ನೋರ, ಹಂಗಾರ ಈಗ ಮನಿ ಯಾರದ್ ಆಯ್ತ್ರಿ?"

ಅಯ್ಯನವರು ಶಾಸ್ತ್ರ ಬಿಡಿಸಿ ಹೇಳಿದರು, "ಕಾಗದದಾಗ ನಿಮ್ದೇ. ಆದರ ಪ್ರವೇಶ ಹೊಕ್ಕವರದು. ಗೌಂಡಿ ಯಜಮಾನ ಆಗಿ ಹೊಕ್ಕಾನ. ಈಗ ಅವನೇ ತನ್ನ ಕೈಲೆ ನೆಲಾ ಮುಗಿಸಿ, ತನ್ನ ಕೈಲೆ ಬಾಗಲಾ ತಗದು ನಿಮಗ ಒಪ್ಪಿಸಬೇಕು. ಅಲ್ಲೀತನ ಬ್ಯಾರೆ ಯಾರು ಬಂದು ಕರಣಿ ಹಿಡದರೂ ಇನ್ನೊಬ್ಬರ ಮನ್ಯಾಗ ಕೈ ಹಾಕಿದಂಗ ಆಗ್ತದ."

"ಅವರ ಕಾಲ ಇನ್ನ ಎರಡು ವಾರ ಅದರಿ."

"ಇರ್ಲಿ. ಪ್ರವೇಶ ಆಗ್ಯಾದ. ಇನ್ನ ನೆಲಕ್ಕ ಮುಹೂರ್ತ ಬೇಕಿಲ್ಲ."

ನಾನು ಕೂತಲ್ಲಿಂದ ಎದ್ದು ಕುಣಿಯುವುದೊಂದು ಬಾಕಿ, ಕಾಲು ನೆನಪಾಗಿ ಕೂತೆ. ತಪ್ಪು ಮಾಡಿ ಕೆಲಸ ಉಳಿಸಿಕೊಂಡೆನಲ್ಲ ಅಂತ ಸ್ವಲ್ಪ ನಾಚಿಕೆಯೂ ಆಯಿತು. ಅಷ್ಟರಲ್ಲಿ ಆಯಿ ಫೋನ್ ಇಸಿದುಕೊಂಡು ಆಚೆ ಹೋದರು. ದನಿ ತಗ್ಗಿಸಿ ಹೇಳಿದರು, "ತಮ್ಮಾ, ನೀ ಬಿದ್ದು ಎಂಟು ವಾರಕ್ಕ ಏಳ್ತಿ. ನಾ ಆ ಟೈಲ್ಸ್ ಮ್ಯಾಲ ಬಿದ್ರ ಏಳಾಕಿ ಅಲ್ಲ. ಜಲ್ದಿ ಬಂದು ಫರಸಿ ಹಾಸು. ಬಚ್ಚಲಕ್ಕ ಮಾತ್ರ ಢಾಳ ಕೊಡು."

ಮುಂದಿನ ರವಿವಾರ ಮಾಸ್ತರರು, ಅವರ ಹೆಂಡತಿ, ಆಯಿ ಮೂವರೂ ಜೀಪು ಮಾಡಿಕೊಂಡು ಶಹಾಬಾದಿಗೆ ಬಂದರು. ಕೈಯಲ್ಲಿ ಚೀಲ. ಹೊಸ ಮನೆ ಹೊಕ್ಕವರಿಗೆ ಬಂದವರು ಬಟ್ಟೆ ಉಡುಗೊರೆ ಕೊಡುತ್ತಾರೆ, ಅದಕ್ಕೆ ನಮ್ಮಲ್ಲಿ ಆಯೇರಿ ಅನ್ನುತ್ತಾರೆ. ಶಾಸ್ತ್ರದ ಪ್ರಕಾರ ಹೊಕ್ಕವನು ನಾನಲ್ಲವೇ, ಆಯೇರಿ ನನಗೆ ಬರಬೇಕು ಅಂತ ಆಯಿ ತೀರ್ಮಾನ ಮಾಡಿದ್ದರು. ತಮ್ಮ ಸ್ವಂತ ಮನೆಯ ಗೃಹಪ್ರವೇಶಕ್ಕೆ ತಾವೇ ಆಯೇರಿ ತಂದ ಮಾಸ್ತರರು, ಪಾಪ, ನನ್ನ ಹೆಗಲಿಗೆ ಧೋತರ, ಶಲ್ಯ ಹಾಕಿ, ಮೊದಲ ಸಲ ನಮ್ಮ ಮನೆಗೆ ಬಂದ ಬೀಗರ ಹಾಗೆ ಗೋಡೆ ನೋಡುತ್ತಾ ಕೂತರು. ನನ್ನ ಹೆಂಡತಿಗೆ ಇಳಕಲ್ ಸೀರೆ, ಕೆಂಪು ಸೆರಗಿನದು. ಉಂಡು ಚಹಾ ಕುಡಿದು ಸಂಜೆ ಹೊರಟರು.

ಜೀಪು ಓಣಿ ದಾಟಿದ ಮೇಲೆ ನನ್ನ ಹೆಂಡತಿ ಸೀರೆ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡಿದಳು. ಏಳು ವಾರದಿಂದ ನನ್ನ ಕಾಲಿನ ಬಗ್ಗೆ ಒಂದು ಒಳ್ಳೆಯ ಮಾತು ಆಡದಿದ್ದವಳು ಖಾಟಿನ ಮೇಲೆ ನನ್ನ ಪಕ್ಕ ಬಂದು ಕೂತಳು. ಪ್ಲಾಸ್ಟರ್ ಮೇಲೆ ಮೆಲ್ಲಗೆ ಕೈಯಾಡಿಸಿದಳು.

"ಭಾಳ ನೋವಾಗ್ತದೇನ್ರಿ?" ಅಂದಳು.

"ಇಲ್ಲ, ಈಗ ಕಡಿಮಿ ಅದ" ಅಂದೆ.

"ಹಂಗಾರ ಎಡಗಾಲ ಯಾವಾಗ ಮುರ್ಕೋತೀರಿ?"